ಕಡ್ಡಿ ಅವರ ಕೈಯಲ್ಲೇ ಇರಲಿ

ನಿವೃತ್ತರಾದವರನ್ನು ಕಂಡರೆ ನಮ್ಮ ಜನ ಕೇಳುವ ಮೊದಲ ಪ್ರಶ್ನೆ, 'ಈಗ ಹೊತ್ತು ಹೇಗೆ ಹೋಗುತ್ತದೆ?' ಎಂಬುದು. ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ 2018ರಲ್ಲಿ ಮನೆಗೆ ಬಂದಾಗ ನಾನೂ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ಕೇಳುವವರು ಉತ್ತರವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಅರ್ಧಕ್ಕೆ ನಿಂತ ಸಂಶೋಧನೆಯನ್ನು ಮುಗಿಸುತ್ತಿದ್ದೇನೆ, ಹಳೆಯ ಕಾವ್ಯವೊಂದನ್ನು ಸಂಪಾದಿಸುತ್ತಿದ್ದೇನೆ, ಕಡೆಯ ಪಕ್ಷ ಆತ್ಮಕಥೆ ಬರೆಯುತ್ತಿದ್ದೇನೆ ಎಂದು ನಾನು ಹೇಳಬೇಕು. 'ಊರೂರು ತಿರುಗಿ ಉಲ್ಲನ್ ಹೆಣಿಗೆ ಹೇಳಿಕೊಡುತ್ತಿದ್ದೇನೆ' ಎಂದಾಗ ಅವರ ಮುಖದಲ್ಲಿ ಒಂದು ಬಗೆಯ ಮರುಕ ಮೂಡುತ್ತದೆ. ಹಿರಿಯ ಸಹೋದ್ಯೋಗಿಯೊಬ್ಬರಂತೂ, 'ಪಂಪನಿಂದ ಪುಲ್‌ಓವರಿಗೆ ಇಳಿದಿರಿ ಅನ್ನಿ' ಎಂದು ನಕ್ಕರು. ನಾನೂ ನಕ್ಕೆ. ಆದರೆ ಇಳಿದೆನೋ ಏರಿದೆನೋ ಎಂಬುದು ನನಗೆ ಇಂದಿಗೂ ಇತ್ಯರ್ಥವಾಗಿಲ್ಲ. ಆ ವಿಷಯವಾಗಿಯೇ ನಿಮ್ಮೊಡನೆ ನಾಲ್ಕು ಮಾತನ್ನು ಹಂಚಿಕೊಳ್ಳಬೇಕೆಂದಿದ್ದೇನೆ.

ಕನ್ನಡ ಪಾಠ ಹೇಳಿದವರ ಚಟ ಸುಲಭವಾಗಿ ಬಿಡುವುದಿಲ್ಲ. ಆದ್ದರಿಂದ ಮೊದಲು ಶಬ್ದವನ್ನೇ ನೋಡೋಣ. ನೇಯುವುದು ಬೇರೆ, ಹೆಣೆಯುವುದು ಬೇರೆ. ನೇಯ್ಗೆಗೆ ಹಾಸು ಬೇಕು, ಹೊಕ್ಕು ಬೇಕು, ಮಗ್ಗ ಬೇಕು, ಮಗ್ಗವನ್ನಿಡಲು ಜಾಗ ಬೇಕು. ಹೆಣಿಗೆಗೆ ಒಂದೇ ಎಳೆ, ಎರಡು ಕಡ್ಡಿ. ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆಯನ್ನು ಎಳೆಯುತ್ತ ಹೋಗುವುದೇ ಅದರ ಸರ್ವಸ್ವ. ಎಳೆಯ ತುದಿಯನ್ನು ಹಿಡಿದು ಎಳೆದರೆ, ಆರು ತಿಂಗಳ ಕೆಲಸ ಅರ್ಧ ಗಂಟೆಯಲ್ಲಿ ಮತ್ತೆ ನೂಲಾಗಿ ನೆಲದ ಮೇಲೆ ಬಿದ್ದಿರುತ್ತದೆ. ಜಡೆಯನ್ನು ಹೆಣೆಯುತ್ತೇವೆ, ಬುಟ್ಟಿಯನ್ನು ಹೆಣೆಯುತ್ತೇವೆ, ಕಥೆಯನ್ನೂ ಹೆಣೆಯುತ್ತೇವೆ. ಈ ಮೂರಕ್ಕೂ ನಮ್ಮ ಭಾಷೆ ಒಂದೇ ಕ್ರಿಯಾಪದವನ್ನು ಕೊಟ್ಟಿರುವುದು ಸುಮ್ಮನೆ ಅಲ್ಲವೆಂದು ನನಗೆ ಈಗೀಗ ತೋರುತ್ತಿದೆ. ಅದು ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ನಾನು ಹೆಣಿಗೆ ಕಲಿತದ್ದು 1971ರಲ್ಲಿ, ಹೈಸ್ಕೂಲಿನ ಹುಡುಗಿಯಾಗಿದ್ದಾಗ. 1962ರ ಚೀನಾ ಯುದ್ಧದ ಕಾಲದಲ್ಲಿ ದೇಶದ ಎಲ್ಲೆಡೆ ಹೆಂಗಸರು ಹಿಮದಲ್ಲಿದ್ದ ಯೋಧರಿಗಾಗಿ ಸ್ವೆಟರು, ಕಾಲುಚೀಲಗಳನ್ನು ಹೆಣೆದು ಕಳುಹಿಸಿದ್ದರು; ನಮ್ಮ ತಾಯಿಯೂ ಹೆಣೆದವರೇ. 1971ರ ಡಿಸೆಂಬರಿನಲ್ಲಿ ಮತ್ತೆ ಯುದ್ಧ ಬಂದಾಗ ನಮ್ಮ ಶಾಲೆಯ ಹುಡುಗಿಯರೆಲ್ಲ ತಲೆಗೊಂದು ಮಫ್ಲರು ಹೆಣೆಯಬೇಕೆಂದು ತೀರ್ಮಾನವಾಯಿತು. ನಾನು ನಲವತ್ತು ಕುಣಿಕೆಗಳಿಂದ ಪ್ರಾರಂಭಿಸಿದೆ. ಒಂದು ಮೊಳ ಉದ್ದ ಬರುವ ಹೊತ್ತಿಗೆ ಅದರಲ್ಲಿ ಐವತ್ತೇಳು ಕುಣಿಕೆಗಳಿದ್ದವು. ಮಫ್ಲರು ದೋಸೆಯ ಸಟ್ಟುಗದ ಆಕಾರಕ್ಕೆ ಬಂದಿತ್ತು. ಹೊಲಿಗೆಯ ಟೀಚರು ಅದನ್ನು ತರಗತಿಗೆಲ್ಲ ಎತ್ತಿ ತೋರಿಸಿ, ಕಡ್ಡಿಯನ್ನು ಸೆಳೆದು, ಎಲ್ಲರೆದುರಿಗೆ ಸರಸರನೆ ಬಿಚ್ಚಿಬಿಟ್ಟರು. ಬಿಚ್ಚಿದ ಉಲ್ಲನ್ನಿಗೆ ಒಂದು ಗುಣವಿದೆ. ಅದು ನೆಟ್ಟಗಾಗುವುದಿಲ್ಲ, ಕುಣಿಕೆಯಾಗಿದ್ದ ನೆನಪನ್ನು ಇಟ್ಟುಕೊಂಡು ಸುಕ್ಕುಸುಕ್ಕಾಗಿ ಉಳಿಯುತ್ತದೆ. ಆ ಸುಕ್ಕು ನೂಲನ್ನು ಮಡಿಲಲ್ಲಿ ತುಂಬಿಕೊಂಡು ಮನೆಗೆ ಬಂದೆ. ತಾಯಿ ಒಂದು ಮಾತನ್ನೂ ಆಡದೆ ಅದನ್ನು ಲಡಿ ಸುತ್ತಿ, ನೀರಿನಲ್ಲಿ ನೆನೆಸಿ, ಸಣ್ಣ ಕಲ್ಲೊಂದನ್ನು ತೂಗುಹಾಕಿ ಒಣಗಿಸಿದರು. ಮತ್ತೆ ಹೆಣೆದೆ. ಯುದ್ಧ ಹದಿಮೂರೇ ದಿನಗಳಲ್ಲಿ ಮುಗಿದುಹೋಯಿತು. ನನ್ನ ಮಫ್ಲರು ಮುಗಿದಿರಲಿಲ್ಲ. ಮುಗಿದ ಮೇಲೆ ಅದು ನಮ್ಮ ತಂದೆಯ ಕೊರಳಿಗೆ ಬಂತು.

ಅಲ್ಲಿಂದ ಕಡ್ಡಿ ಕೈಬಿಡಲಿಲ್ಲ. ಪರೀಕ್ಷಾ ಮಂಡಳಿಯ ಸಭೆಗಳಲ್ಲಿ, ಮೌಲ್ಯಮಾಪನಕ್ಕೆ ಹೋದ ಊರುಗಳ ವಸತಿಗೃಹಗಳಲ್ಲಿ, ಆಸ್ಪತ್ರೆಯ ಬೆಂಚುಗಳ ಮೇಲೆ ನಾನು ಹೆಣೆದದ್ದು ಎಷ್ಟೋ. ಆದರೆ ಅದನ್ನು ಮತ್ತೊಬ್ಬರಿಗೆ ಹೇಳಿಕೊಡುವ ಸಂದರ್ಭ ಬಂದದ್ದು ನಿವೃತ್ತಿಯ ಮೇಲೆಯೇ. ಒಂದು ಊರಿನ ಮಹಿಳಾ ಸಮಾಜದವರು ಸಾಹಿತ್ಯದ ಬಗ್ಗೆ ಮಾತನಾಡಲು ಕರೆದಿದ್ದರು. ನಾನು ಹೊದ್ದಿದ್ದ ಶಾಲನ್ನು ನೋಡಿ, ಭಾಷಣ ಬೇಡ, ಇದನ್ನು ಹೇಳಿಕೊಡಿ ಎಂದರು. ಹೀಗೆ ಮೊದಲಾದದ್ದು ಎರಡು ದಿನಗಳ, ಮೂರು ದಿನಗಳ ಶಿಬಿರಗಳಾಗಿ ಬೆಳೆಯಿತು. 2020ರಲ್ಲಿ ಕೊರೋನಾ ಬಂದು ಕೆಲಕಾಲ ನಿಂತದ್ದನ್ನು ಬಿಟ್ಟರೆ, ತಿಂಗಳಿಗೊಂದು ಊರಾದರೂ ಆಗುತ್ತಿದೆ.

ಮೊದಲ ಶಿಬಿರ ಸೋತಿತು ಎಂದೇ ಹೇಳಬೇಕು. ಮೂವತ್ತನಾಲ್ಕು ವರ್ಷದ ಅಭ್ಯಾಸದಂತೆ ನಾನು ಎದ್ದು ನಿಂತು ಪೀಠಿಕೆ ಹಾಕಿದೆ. ಹೆಣಿಗೆಯ ಉಗಮ, ವಿಕಾಸ, ಪ್ರಭೇದಗಳು. ಫ್ಲಾರೆನ್ಸಿನ ಅರಸಿ ಎಲಿಯನೋರ 1562ರಲ್ಲಿ ತೀರಿಕೊಂಡಾಗ ಅವಳ ಕಾಲಿಗೆ ತೊಡಿಸಿದ್ದ ಚೀಲಗಳಲ್ಲಿ ಉಲ್ಟಾ ಹೆಣಿಗೆ ಕಾಣುತ್ತದೆಂಬುದನ್ನೂ, ಅದು ಈವರೆಗೆ ತಿಳಿದಿರುವ ಅತಿ ಹಳೆಯ ಮಾದರಿಗಳಲ್ಲಿ ಒಂದೆಂಬುದನ್ನೂ ಸವಿಸ್ತಾರವಾಗಿ ನಿರೂಪಿಸಿದೆ. ನಲವತ್ತು ನಿಮಿಷ ಕಳೆದಿರಬೇಕು. ಮುಂದಿನ ಸಾಲಿನಲ್ಲಿದ್ದ ಎಪ್ಪತ್ತರ ಅಜ್ಜಿಯೊಬ್ಬರು ತುಂಬ ವಿನಯದಿಂದ, 'ಮೇಡಂ, ಆ ಕಡ್ಡಿಗಳನ್ನ ಯಾವಾಗ ಕೊಡ್ತೀರಿ?' ಎಂದು ಕೇಳಿದರು. ಸಭೆಯೆಲ್ಲ ನಕ್ಕಿತು. ಕಾಲೇಜಿನಲ್ಲಿ ಇಂಥ ಪ್ರಶ್ನೆಯನ್ನು ಕೇಳುವ ಧೈರ್ಯ ಯಾವ ವಿದ್ಯಾರ್ಥಿಗೂ ಬಂದಿರಲಿಲ್ಲ, ಬರಬೇಕಾಗಿತ್ತು.

ಅಂದಿನಿಂದ ಕ್ರಮವನ್ನು ಬದಲಿಸಿದೆ. ಈಗ ನಾನು ಹೋಗುವಾಗ ಒಂದು ಚೀಲದಲ್ಲಿ ಉಂಡೆಗಳು, ಇನ್ನೊಂದರಲ್ಲಿ ಕಡ್ಡಿಗಳು. ಕಡ್ಡಿಗಳ ಲೆಕ್ಕವೇ ಒಂದು ತಮಾಷೆ. ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿರುವುದು ಹಳೆಯ ಇಂಗ್ಲೆಂಡಿನ ನಂಬರು. ಅದರಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ತೆಳ್ಳಗೆ. ಎಂಟನೆಯ ನಂಬರಿನದು ನಾಲ್ಕು ಮಿಲಿಮೀಟರು ದಪ್ಪ, ಹದಿನಾಲ್ಕನೆಯದು ಎರಡೇ ಮಿಲಿಮೀಟರು. 'ವಯಸ್ಸು ಹೆಚ್ಚಿದಷ್ಟೂ ಸೂಕ್ಷ್ಮ' ಎಂದು ಹೇಳಿದರೆ ಹೆಂಗಸರು ಮರೆಯುವುದಿಲ್ಲ. ಕೆಂಪು ಬಸ್ಸಿನಲ್ಲಿ ಈ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕುಳಿತರೆ, ಪಕ್ಕದವರು ಒಮ್ಮೆ ಚೀಲವನ್ನು, ಒಮ್ಮೆ ನನ್ನನ್ನು ನೋಡುತ್ತಾರೆ. ಮುಂದಿನ ನಿಲ್ದಾಣದ ಹೊತ್ತಿಗೆ ಮಾತು ಬೆಳೆದಿರುತ್ತದೆ.

ಶಿಬಿರದ ಮೊದಲ ದಿನ ಇಪ್ಪತ್ತು ಕುಣಿಕೆ ಹಾಕಿ, ಬರಿಯ ಸೀದಾ ಹೆಣಿಗೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಇಪ್ಪತ್ತೂ ಇಪ್ಪತ್ತೈದು, ಇಪ್ಪತ್ತೇಳು ಆಗಿರುತ್ತದೆ. ಅದು ಎಲ್ಲಿಂದ ಬಂತು ಎಂಬುದು ಹೊಸಬರಿಗೆ ಮಾಯೆ. ಕಾರಣ ಎರಡೇ. ಸಾಲಿನ ಮೊದಲಿಗೆ ನೂಲನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಎಳೆದರೆ ಅಂಚಿನ ಕುಣಿಕೆಯ ಎರಡೂ ಕಾಲು ಮೇಲೆದ್ದು ಒಂದು ಕುಣಿಕೆ ಎರಡಾಗಿ ಕಾಣುತ್ತದೆ. ಹೆಣೆಯುವವರು ಎರಡನ್ನೂ ಹೆಣೆದುಬಿಡುತ್ತಾರೆ. ಇಲ್ಲವೆ, ನಡುವೆ ನೂಲು ಅರಿಯದೆ ಮುಂದಕ್ಕೆ ಬಂದಿದ್ದರೆ ಕಡ್ಡಿಯ ಮೇಲೆ ಒಂದು ಸುತ್ತು ಹೆಚ್ಚಾಗಿ ಕೂತು, ಮರುಸಾಲಿನಲ್ಲಿ ಅದೂ ಕುಣಿಕೆಯಾಗಿ, ಕೆಳಗೊಂದು ತೂತು ಬೀಳುತ್ತದೆ. 1971ರಲ್ಲಿ ನನ್ನ ನಲವತ್ತು ಐವತ್ತೇಳಾದ ರಹಸ್ಯ ಇಷ್ಟೇ. ಆ ಟೀಚರು ಬಿಚ್ಚುವ ಮೊದಲು ಅದನ್ನು ನನಗೆ ತೋರಿಸಿದ್ದರೆ ಎರಡು ನಿಮಿಷದ ಕೆಲಸವಾಗಿತ್ತು.

ಎರಡನೆಯ ದಿನ ಸೀದಾ-ಉಲ್ಟಾ ಸೇರಿಸಿ ಪಟ್ಟಿ ಹೆಣಿಗೆ. ಇಲ್ಲಿ ನನ್ನ ಕನ್ನಡ ಎಂ.ಎ. ಒಂದಿಷ್ಟು ಉಪಯೋಗಕ್ಕೆ ಬಂತು. ಮೂರು ಸೀದಾ, ನಾಲ್ಕು ಉಲ್ಟಾ. ಮತ್ತೆ ಮೂರು, ನಾಲ್ಕು. ಎಣಿಸುವಾಗ ಹೆಂಗಸರಿಗೆ ತಪ್ಪುತ್ತಿತ್ತು. ಶಿವಮೊಗ್ಗದ ಕಡೆಯ ಒಂದು ಶಿಬಿರದಲ್ಲಿ ವಯಸ್ಸಾದ ಒಬ್ಬಾಕೆ ಮಾತ್ರ ತಲೆಯೆತ್ತದೆ, ತುಟಿಯಲ್ಲಿ ಏನನ್ನೋ ಗುನುಗುತ್ತ, ಒಂದೂ ತಪ್ಪದೆ ಹೆಣೆಯುತ್ತಿದ್ದರು. ಕಿವಿಗೊಟ್ಟು ಕೇಳಿದರೆ ಗದುಗಿನ ಭಾರತ! ಬಾಲ್ಯದಿಂದ ಗಮಕ ಕೇಳಿ ಬೆಳೆದವರು. ಭಾಮಿನಿ ಷಟ್ಪದಿಯ ನಡೆಯೇ ಮೂರು-ನಾಲ್ಕು ಮಾತ್ರೆಗಳದ್ದಲ್ಲವೆ? ಮೂರು ದಶಕ ಕಪ್ಪುಹಲಗೆಯ ಮೇಲೆ ಆ ಗಣಗಳಿಗೆ ಗೆರೆ ಎಳೆದು ವಿಭಾಗಿಸಿದ ನನಗೆ ಹೊಳೆಯದೆ ಇದ್ದದ್ದು ಅವರ ಬೆರಳುಗಳಿಗೆ ಹೊಳೆದಿತ್ತು. ಅಂದಿನಿಂದ ಇಪ್ಪತ್ತೆಂಟು ಕುಣಿಕೆಯ ಆ ಪಟ್ಟಿಗೆ ನಮ್ಮ ಶಿಬಿರಗಳಲ್ಲಿ 'ಭಾಮಿನಿ' ಎಂದೇ ಹೆಸರು. ಹೆಣಿಗೆಯನ್ನು ತಿರುಗಿಸಿ ಹಿಂದಿನ ಸಾಲಿಗೆ ಬಂದಾಗ ಅದು ನಾಲ್ಕು-ಮೂರು ಆಗುತ್ತದೆ. ಆಗ ಹಾಡು ಕೆಡುತ್ತದೆ, ಎಣಿಸಲೇಬೇಕು. ಛಂದಸ್ಸಿಗೂ ಒಂದು ಮಿತಿಯಿದೆ.

ಹೋದ ಊರುಗಳಲ್ಲೆಲ್ಲ ನಾನು ಕಲಿಸಿದ್ದಕ್ಕಿಂತ ಕಲಿತದ್ದು ಹೆಚ್ಚು ಎನ್ನುವುದು ಸಭಾಮರ್ಯಾದೆಯ ಮಾತಾಗಿಬಿಟ್ಟಿದೆ. ಆದ್ದರಿಂದ ಏನು ಕಲಿತೆನೆಂಬುದನ್ನೇ ಹೇಳಿಬಿಡುತ್ತೇನೆ.

ಕರಾವಳಿಯ ಒಂದು ಊರಿನಲ್ಲಿ, ಏಪ್ರಿಲಿನ ಸೆಕೆಯಲ್ಲಿ, ಯುವಕನೊಬ್ಬ ಬಾಗಿಲಲ್ಲಿ ನಿಂತು, 'ಈ ಸೆಕೆಗೆ ಉಲ್ಲನ್ ಯಾರಿಗೆ ಬೇಕು ಟೀಚರ್?' ಎಂದ. ಪ್ರಶ್ನೆ ನ್ಯಾಯವಾದದ್ದೇ. ಅವನು ತೊಟ್ಟಿದ್ದ ಬನಿಯನನ್ನು ತೋರಿಸಿ, ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಲು ಹೇಳಿದೆ. ಸಾಲುಸಾಲಾಗಿ ಕುಣಿಕೆಗಳು. ಬನಿಯನ್ ನೇಯ್ದ ಬಟ್ಟೆಯಲ್ಲ, ಹೆಣೆದ ಬಟ್ಟೆ. ಆದ್ದರಿಂದಲೇ ಅದು ಮೈಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಇಂಗ್ಲೆಂಡಿನ ವಿಲಿಯಂ ಲೀ ಎಂಬಾತ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರವನ್ನು ಮಾಡಿದ. ಕೈಹೆಣಿಗೆಯವರ ಅನ್ನ ಹೋದೀತೆಂದು ಎಲಿಜಬೆತ್ ರಾಣಿ ಅದಕ್ಕೆ ಹಕ್ಕುಪತ್ರ ಕೊಡಲಿಲ್ಲ ಎಂದು ಹೇಳುತ್ತಾರೆ. ಆ ಯಂತ್ರದ ವಂಶದವೇ ಇಂದು ತಿರುಪ್ಪೂರಿನಲ್ಲಿ ಹಗಲಿರುಳು ಓಡುತ್ತಿರುವ ಯಂತ್ರಗಳು. ಇನ್ನೂ ಹಿಂದಕ್ಕೆ ಹೋದರೆ, ಹೆಣಿಗೆಯ ಅತಿ ಹಳೆಯ ಮಾದರಿಗಳಲ್ಲಿ ಸೇರಿದ ಕಾಲುಚೀಲಗಳು ಸಿಕ್ಕಿರುವುದು ಬಿಸಿಲಿನ ದೇಶವಾದ ಈಜಿಪ್ಟಿನಲ್ಲಿ. ಹನ್ನೊಂದರಿಂದ ಹದಿನಾಲ್ಕನೆಯ ಶತಮಾನದವರೆಗಿನವು. ಉಣ್ಣೆಯವಲ್ಲ, ನೀಲಿ-ಬಿಳಿ ಹತ್ತಿಯವು. ಹುಡುಗ ಮರುದಿನ ಹತ್ತಿಯ ನೂಲಿನ ಉಂಡೆಯೊಂದನ್ನು ಕೊಂಡು ಬಂದು ತಾಯಿಯ ಪಕ್ಕ ಕುಳಿತ. ನಾನು ಗೆದ್ದೆನೆಂದುಕೊಂಡೆ. ಆದರೆ ಅವನ ಮಾತಿನಿಂದ ನನಗೂ ಬುದ್ಧಿ ಬಂತು. ಈಗ ಕರಾವಳಿಗೆ ಉಲ್ಲನ್ ಒಯ್ಯುವುದಿಲ್ಲ.

ಚಳ್ಳಕೆರೆಯ ಕಡೆ ಹೋದಾಗಿನ ಪ್ರಸಂಗ ಬೇರೆ ಬಗೆಯದು. ಅದು ಕಂಬಳಿಯ ಸೀಮೆ. ಕರಿಯ ಕುರಿಯ ಉಣ್ಣೆಯನ್ನು ಹೆಂಗಸರು ನೂಲುತ್ತಾರೆ, ಗಂಡಸರು ನೇಯುತ್ತಾರೆ. ಹುಣಿಸೆಬೀಜದ ಸರಿಯನ್ನು ಹಚ್ಚಿ ಬಿಗಿ ಮಾಡಿದ ಆ ಕಂಬಳಿ ಮಳೆಯನ್ನೂ ತಡೆಯುತ್ತದೆ. ನನ್ನ ಬಣ್ಣಬಣ್ಣದ ಉಂಡೆಗಳನ್ನು ಹರವಿಟ್ಟಿದ್ದೆ. ಅಜ್ಜಿಯೊಬ್ಬಳು ಬಂದು, ಗುಲಾಬಿ ಬಣ್ಣದ ಉಂಡೆಯೊಂದನ್ನು ಎತ್ತಿ, ಹೆಬ್ಬೆರಳು ತೋರುಬೆರಳ ನಡುವೆ ಎಳೆಯನ್ನು ಹೊಸೆದು, ಮೂಸಿ ನೋಡಿ, 'ಯವ್ವಾ, ಇದು ಯಾವ ಕುರೀದು?' ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನಾವು ಉಲ್ಲನ್ ಎಂದು ಕರೆಯುವುದರಲ್ಲಿ ಬಹುಪಾಲು ಇಂದು ಆಕ್ರಿಲಿಕ್, ಅಂದರೆ ಪೆಟ್ರೋಲಿಯಂನಿಂದ ತೆಗೆದ ನೂಲು. ಅದು ಯಾವ ಕುರಿಯದೂ ಅಲ್ಲ. ನಾನು ನಿಜವನ್ನು ಹೇಳಿದೆ. ಅಜ್ಜಿ ಉಂಡೆಯನ್ನು ಮೆಲ್ಲನೆ ಕೆಳಗಿಟ್ಟು, 'ಮತ್ತೆ ಉಲ್ಲನ್ ಅಂತೀರಲ್ಲ' ಎಂದಳು. ಶಬ್ದಾರ್ಥ ವಿಚಾರವನ್ನು ಇಷ್ಟು ಸಂಕ್ಷೇಪವಾಗಿ ಯಾವ ವಿಚಾರಸಂಕಿರಣದಲ್ಲಿಯೂ ನಾನು ಕೇಳಿಲ್ಲ. ಅವಳು ಕೊಟ್ಟ ನೂಲಿನಿಂದ ಒಂದು ಟೋಪಿ ಹೆಣೆದೆ. ಹಣೆ ಚುಚ್ಚುತ್ತದೆ. ಆದರೂ ಊರೂರಿಗೆ ಒಯ್ದು ತೋರಿಸುತ್ತೇನೆ. ಮುಟ್ಟಿ ನೋಡಿದವರು ಮೊದಲು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಆಮೇಲೆ ಮತ್ತೊಮ್ಮೆ ಮುಟ್ಟುತ್ತಾರೆ.

ಧಾರವಾಡದಲ್ಲಂತೂ ನಾನೇ ವಿದ್ಯಾರ್ಥಿನಿಯಾದೆ. ಕಸೂತಿಯ ನಾಡಿಗೆ ಹೋಗಿ ಸೂಜಿ-ನೂಲಿನ ಮಾತನ್ನಾಡುವುದು ಸಾಹಸವೇ ಸರಿ. ಶಿಬಿರಕ್ಕೆ ಬಂದಿದ್ದ ಹಿರಿಯ ಬಾಯಿಯೊಬ್ಬರು ಇಳಕಲ್ ಸೀರೆಯ ಸೆರಗನ್ನು ಮುಂದೆ ಹಿಡಿದು, 'ಇದರಾಗ ಒಳಗ ಯಾವುದು, ಹೊರಗ ಯಾವುದು ಹೇಳ್ರಿ ನೋಡೋಣ' ಎಂದರು. ಗೋಪುರ, ತೇರು, ತುಳಸಿ ಬೃಂದಾವನ; ಯಾವ ಮಗ್ಗುಲಿನಿಂದ ನೋಡಿದರೂ ಒಂದೇ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೊದಲಿನ ಎರಡರ ಗುಣವೇ ಅದು. ಬಟ್ಟೆಯ ಎಳೆಗಳನ್ನು ಎಣಿಸುತ್ತ, ಒಂದನ್ನು ಬಿಟ್ಟು ಒಂದು ಹೊಲಿಗೆ ಹಾಕುತ್ತ ಮುಂದೆ ಹೋಗಿ, ಬಂದ ದಾರಿಯಲ್ಲಿಯೇ ಹಿಂದಿರುಗುತ್ತ ಬಿಟ್ಟ ಎಡೆಗಳನ್ನು ತುಂಬಬೇಕು. ಎಲ್ಲಿಯೂ ಗಂಟು ಹಾಕುವಂತಿಲ್ಲ. ಹೋಗುವಾಗ ಒಂದು ಎಳೆ ತಪ್ಪಿದರೆ ಬರುವಾಗ ದಾರಿ ಕೂಡುವುದಿಲ್ಲ. 'ಮುಂದ ಹೋಗೂದು ಎಲ್ಲಾರಿಗೂ ಬರತದ್ರಿ, ತಿರುಗಿ ಬರೂದು ಕಲೀಬೇಕು' ಎಂದರು ಆ ಬಾಯಿಯವರು. ಹೊಲಿಗೆಯ ಬಗ್ಗೆಯೇ ಹೇಳಿದ ಮಾತು. ಆದರೆ ನನಗೆ ಅದು ಬಹಳ ದಿನ ಕಾಡಿತು. ಏಕೆಂಬುದು ಮುಂದೆ ನಡೆದ ಒಂದು ಪ್ರಸಂಗದಿಂದ ತಿಳಿಯಿತು.

ಅದಕ್ಕೆ ಮೊದಲು ನಮ್ಮ ಶಿಬಿರಗಳ ಕೊನೆಯ ದಿನದ ಪದ್ಧತಿಯೊಂದನ್ನು ಹೇಳಬೇಕು. ಆ ದಿನ ಮಧ್ಯಾಹ್ನ ಎಲ್ಲರೂ ತಾವು ಕೈಯಾರೆ ಮಾಡಿದ ಒಂದು ವಸ್ತುವನ್ನು ತಂದು ಮೇಜಿನ ಮೇಲಿಡುತ್ತಾರೆ. ಶಿಬಿರದಲ್ಲಿ ಮಾಡಿದ್ದೇ ಆಗಬೇಕೆಂದಿಲ್ಲ. ಸ್ಪರ್ಧೆಯಿಲ್ಲ, ಬಹುಮಾನವಿಲ್ಲ. ಪ್ರತಿಯೊಬ್ಬರೂ ಎರಡು ವಿಷಯ ಹೇಳಬೇಕು: ಇದನ್ನು ಯಾರಿಗಾಗಿ ಮಾಡಿದಿರಿ, ಇದರಲ್ಲಿ ತಪ್ಪು ಎಲ್ಲಿದೆ. ಮೊದಲ ಪ್ರಶ್ನೆಗೆ ಉತ್ತರ ಕೊಡುವಾಗ ಕೆಲವರ ಕಂಠ ಬಿಗಿಯುತ್ತದೆ. ಎರಡನೆಯದಕ್ಕೆ ಉತ್ತರ ಕೊಡುವಾಗ ಎಲ್ಲರೂ ನಗುತ್ತಾರೆ. ಒಬ್ಬಾಕೆ ಹುಟ್ಟಲಿರುವ ಮೊಮ್ಮಗುವಿಗೆಂದು ಹೆಣೆದ ಅಂಗಿಗೆ ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. ಮತ್ತೊಬ್ಬಾಕೆ ಗಂಡನಿಗೆ ಹೆಣೆದ ಸ್ವೆಟರಿಗೆ ಕೊರಳೇ ಹಿಡಿಸದು. 'ಇಪ್ಪತ್ತು ವರ್ಷದಿಂದ ಪೆಟ್ಟಿಗೆಯಲ್ಲಿದೆ, ಕೊಟ್ಟೂ ಇಲ್ಲ, ಬಿಚ್ಚಿಯೂ ಇಲ್ಲ' ಎಂದರು.

ತಪ್ಪನ್ನು ಹೇಳಬೇಕೆಂಬ ನಿಯಮ ನನಗೆ ಹೊಳೆದದ್ದು ಒಂದು ನಾಟಕದಿಂದ. ಐರ್ಲೆಂಡಿನ ಜೆ. ಎಂ. ಸಿಂಜ್ ಬರೆದ 'ರೈಡರ್ಸ್ ಟು ದಿ ಸೀ' 1904ರಲ್ಲಿ ರಂಗವನ್ನೇರಿದ ಏಕಾಂಕ. ಸಮುದ್ರದ ಪಾಲಾದ ಯುವಕನೊಬ್ಬನ ಬಟ್ಟೆಯ ಗಂಟು ಮನೆಗೆ ಬರುತ್ತದೆ. ಅವು ತಮ್ಮ ಅಣ್ಣನವೇ ಅಲ್ಲವೇ ಎಂದು ಇಬ್ಬರು ತಂಗಿಯರು ನೋಡುತ್ತಾರೆ. ಅಂಗಿಯ ಬಟ್ಟೆಯಿಂದ ಏನೂ ತಿಳಿಯುವುದಿಲ್ಲ. ಅಂಥ ಬಟ್ಟೆ ಅಂಗಡಿಯಲ್ಲಿ ಥಾನುಗಟ್ಟಲೆ ಇರುತ್ತದೆ. ಕಿರಿಯವಳು ಕಾಲುಚೀಲದ ಕುಣಿಕೆಗಳನ್ನು ಎಣಿಸುತ್ತಾಳೆ. ತಾನು ಎಷ್ಟು ಹಾಕಿದ್ದೆ, ಅವುಗಳಲ್ಲಿ ಎಷ್ಟನ್ನು ಕೈಬಿಟ್ಟಿದ್ದೆ ಎಂಬುದು ಅವಳಿಗೆ ನೆನಪಿದೆ. ಕೈಬಿಟ್ಟ ನಾಲ್ಕು ಕುಣಿಕೆಗಳಿಂದ ಅಣ್ಣ ಸತ್ತನೆಂಬುದು ಖಚಿತವಾಗುತ್ತದೆ. ಈ ನಾಟಕವನ್ನು ನಾನು ತರಗತಿಯಲ್ಲಿ ಪ್ರಸ್ತಾಪಿಸಿದ್ದುಂಟು. ರುದ್ರನಾಟಕ, ವಿಧಿ, ಸಮುದ್ರದ ಪ್ರತಿಮೆ ಎಂದೆಲ್ಲ ಹೇಳಿದ್ದುಂಟು. ಆ ನಾಲ್ಕು ಕುಣಿಕೆಗಳ ಬಗ್ಗೆ ಏನನ್ನೂ ಹೇಳಿರಲಿಲ್ಲ. ಕೈಕೆಲಸದಲ್ಲಿ ಮಾಡಿದವರ ಗುರುತು ಉಳಿಯುವುದು ಹಲವು ಬಾರಿ ಅದರ ತಪ್ಪಿನಲ್ಲಿ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಈಗ ಆ ಪ್ರಸಂಗ. ಮಲೆನಾಡಿನ ಒಂದು ಊರು. ಮಳೆಗಾಲ ಹಿಂದಾಗಿ ಚಳಿ ಕಾಲಿಡುತ್ತಿದ್ದ ದಿನಗಳು. ಶಿಬಿರದ ಎರಡನೆಯ ಸಂಜೆ ಬೆಳಕು ಕುಂದುತ್ತಿತ್ತು. ಹಿಂದಿನ ಸಾಲಿನಲ್ಲಿ ನಲವತ್ತರ ಆಚೀಚೆಯ ಹೆಂಗಸೊಬ್ಬರು ಭಾಮಿನಿ ಪಟ್ಟಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮೂರು-ನಾಲ್ಕು ಕೂಡುತ್ತಿರಲಿಲ್ಲ. ನಾನು ಎರಡು ಬಾರಿ ಹೇಳಿದೆ. ಮೂರನೆಯ ಬಾರಿಗೆ ತಾಳ್ಮೆ ತೀರಿ, 'ಕೊಡಿ ಇಲ್ಲಿ' ಎಂದು ಕಡ್ಡಿಗಳನ್ನು ಅವರ ಕೈಯಿಂದ ತೆಗೆದುಕೊಂಡೆ. ತಪ್ಪಿದ ಸಾಲುಗಳನ್ನು ಬಿಚ್ಚಿ, ಎರಡು ಸಾಲನ್ನು ಚಕಚಕನೆ ಹೆಣೆದು, 'ನೋಡಿ, ಇಷ್ಟೇ' ಎಂದು ಹಿಂದಿರುಗಿಸಿದೆ. ಅವರು ಅದನ್ನು ಬೆರಳಿನಿಂದ ಸವರಿ ನೋಡಿ, ತಗ್ಗಿದ ದನಿಯಲ್ಲಿ, 'ಚೆನ್ನಾಗಿದೆ ಮೇಡಂ' ಎಂದರು.

ಮರುದಿನ ಮಧ್ಯಾಹ್ನ ತಮ್ಮ ಸರದಿ ಬಂದಾಗ ಅವರು ಆ ಪಟ್ಟಿಯನ್ನೇ ಮೇಜಿನ ಮೇಲಿಟ್ಟರು. 'ಯಾರಿಗಾಗಿ ಎಂದು ಇನ್ನೂ ಗೊತ್ತಿಲ್ಲ. ತಪ್ಪು ಮಾತ್ರ ಗೊತ್ತಿದೆ. ಈ ಎರಡು ಸಾಲು ನನ್ನದಲ್ಲ' ಎಂದರು. ಎಲ್ಲರೂ ಬಗ್ಗಿ ನೋಡಿದರು. ನಿಜ, ಕಾಣುತ್ತಿತ್ತು. ಹೆಣಿಗೆಯಲ್ಲಿ ಒಬ್ಬೊಬ್ಬರ ಕೈಯ ಬಿಗಿ ಒಂದೊಂದು ತೆರ, ಅಕ್ಷರದ ಹಾಗೆ. ಅವರ ಸಡಿಲವಾದ, ಸ್ವಲ್ಪ ಅಲುಗಾಡುವ ಸಾಲುಗಳ ನಡುವೆ ನನ್ನ ಎರಡು ಸಾಲು ಇಸ್ತ್ರಿ ಮಾಡಿದಂತೆ ಬಿಗಿದು ನಿಂತಿದ್ದವು.

ಶಿಬಿರ ಮುಗಿದು ಎಲ್ಲರೂ ಹೊರಟ ಮೇಲೆ ಅವರು ನನ್ನ ಬಳಿ ಬಂದು, 'ನನ್ನ ಗುರುತು ಸಿಗಲಿಲ್ಲ ಅಲ್ಲವಾ ಮೇಡಂ?' ಎಂದರು. 1999ರಲ್ಲಿ ನನ್ನ ವಿದ್ಯಾರ್ಥಿನಿ. ಹೆಸರು ಹೇಳಿದ ಕೂಡಲೇ ನೆನಪಾಯಿತು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಳ್ಳೆಯ ಕಥೆಯೊಂದನ್ನು ಕೊಟ್ಟಿದ್ದ ಹುಡುಗಿ. ನಾನು ಸಂತೋಷದಿಂದ, 'ನಿನ್ನ ಕಥೆ ನೆನಪಿದೆ! ಎಲ್ಲರೂ ಹೊಗಳಿದ್ದರಲ್ಲ. ಆಮೇಲೆ ಬರೆಯಲಿಲ್ಲವೆ?' ಎಂದೆ.

'ಇಲ್ಲ ಮೇಡಂ. ನೀವು ತಿದ್ದಿ ಅಚ್ಚು ಹಾಕಿಸಿದಿರಿ. ಮನೆಯಲ್ಲಿ, ಊರಲ್ಲಿ ಎಲ್ಲರೂ ಓದಿ ಚೆನ್ನಾಗಿದೆ ಅಂದರು. ನಾನು ಅದರಲ್ಲಿ ನನ್ನ ವಾಕ್ಯ ಎಲ್ಲಿದೆ ಅಂತ ಹುಡುಕಿದೆ. ಆಮೇಲೆ ಯಾಕೋ ಬರೆಯೋಕೆ ಮನಸ್ಸಾಗಲಿಲ್ಲ' ಎಂದರು. ದೂರಿನ ಧ್ವನಿ ಇರಲಿಲ್ಲ. ಮಳೆ ಯಾವಾಗ ನಿಂತಿತು ಎಂದು ಹೇಳುವಂತೆ ಹೇಳಿದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಕಡೆಗೆ, 'ಆ ಎರಡು ಸಾಲನ್ನು ಬಿಚ್ಚಿಬಿಡಮ್ಮ. ನೀನೇ ಮತ್ತೆ ಹೆಣೆ' ಎಂದೆ. ಅವರು ನಕ್ಕು, 'ಇರಲಿ ಬಿಡಿ ಮೇಡಂ. ಬಿಚ್ಚಿದರೆ ನೀವು ಬಂದಿದ್ದಿರಿ ಅನ್ನೋದೇ ಗೊತ್ತಾಗಲ್ಲ' ಎಂದರು.

ಮನೆಗೆ ಬಂದು ಹಳೆಯ ಸಂಚಿಕೆಗಳ ಕಟ್ಟನ್ನು ಬಿಚ್ಚಿದೆ. ಕಥೆ ಸಿಕ್ಕಿತು. ಓದಿದೆ. ಅಚ್ಚುಕಟ್ಟಾಗಿದೆ, ಒಂದು ವಾಕ್ಯವೂ ಅಲುಗುವುದಿಲ್ಲ. ಕಥೆಯ ಅಜ್ಜಿ ಚಳಿಯ ಬೆಳಗಿನಲ್ಲಿ 'ಅಗ್ಗಿಷ್ಟಿಕೆ'ಯ ಮುಂದೆ ಕುಳಿತಿದ್ದಾಳೆ. ನನಗೆ ನಾಚಿಕೆಯಾಯಿತು. ಮಲೆನಾಡಿನ ಯಾವ ಅಜ್ಜಿ ಅಗ್ಗಿಷ್ಟಿಕೆಯ ಮುಂದೆ ಕುಳಿತಾಳು? ಆ ಹುಡುಗಿ ಬರೆದದ್ದು 'ಬಚ್ಚಲೊಲೆ' ಎಂದಿರಬೇಕು. ಬಚ್ಚಲು ಎಂಬ ಶಬ್ದ ಕಥೆಯ ಗಾಂಭೀರ್ಯಕ್ಕೆ ತಕ್ಕದ್ದಲ್ಲವೆಂದು ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿರಬೇಕು. 'ಇರಬೇಕು' ಎನ್ನುತ್ತೇನೆ, ಏಕೆಂದರೆ ಅವಳ ಹಸ್ತಪ್ರತಿ ಇಂದು ಎಲ್ಲಿಯೂ ಇಲ್ಲ. ಹೆಣಿಗೆಯನ್ನಾದರೆ ಬಿಚ್ಚಿ, ನೆನೆಸಿ, ಒಣಗಿಸಿ, ಮತ್ತೆ ಹೆಣೆಯಬಹುದು. ಆ ಕಥೆಯನ್ನು ಬಿಚ್ಚಿದರೆ ಅವಳ ನೂಲು ಸಿಗುವುದಿಲ್ಲ, ಸಿಗುವುದು ನನ್ನದೇ. ಧಾರವಾಡದ ಬಾಯಿಯವರು ಹೇಳಿದ್ದು ಇದನ್ನೇ. ಮುಂದೆ ಹೋಗುವಾಗ ನಾನು ಎಳೆಯನ್ನು ಎಣಿಸಿರಲಿಲ್ಲ. ಆದ್ದರಿಂದ ತಿರುಗಿ ಬರಲು ನನಗೆ ದಾರಿಯಿರಲಿಲ್ಲ.

ನನ್ನ ಮಫ್ಲರನ್ನು ಎಲ್ಲರೆದುರಿಗೆ ಬಿಚ್ಚಿದ ಟೀಚರನ್ನು ನಾನು ಬಹುಕಾಲ ಕ್ಷಮಿಸಿರಲಿಲ್ಲ. ಆದರೆ ಯೋಚಿಸಿ ನೋಡಿ. ಅವರು ನೂಲನ್ನು ನನಗೇ ಹಿಂದಿರುಗಿಸಿದ್ದರು. ಮತ್ತೆ ಹೆಣೆದದ್ದು ನಾನೇ. ನಾನು ಮಾಡಿದ್ದು ಬಹಳ ಮೃದುವಾದ, ಎಲ್ಲರೂ ಮೆಚ್ಚಿದ ಕೆಲಸ. ಅದಕ್ಕೇ ಅದು ಹೆಚ್ಚು ಕೆಡಿಸಿತೇನೋ. ತಿದ್ದುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ತಿದ್ದದೆ ಕಲಿಸುವುದು ಹೇಗೆ? ಇಪ್ಪತ್ತು ಕುಣಿಕೆ ಇಪ್ಪತ್ತೇಳಾದರೆ ಎಲ್ಲಿ ಹೆಚ್ಚಿತು ಎಂದು ಹೇಳಲೇಬೇಕು. ತಪ್ಪನ್ನು ತೋರಿಸುವುದು ಒಂದು. ಕಡ್ಡಿಯನ್ನು ಕಿತ್ತುಕೊಳ್ಳುವುದು ಇನ್ನೊಂದು. ಈ ಎರಡರ ನಡುವಿನ ಅಂತರ ಒಂದು ಗೇಣು ಕೂಡ ಇಲ್ಲ. ಅದನ್ನು ದಾಟಿದ್ದು ನನಗೆ ಮೂವತ್ತನಾಲ್ಕು ವರ್ಷ ಗೊತ್ತೇ ಆಗಲಿಲ್ಲ. ಎಷ್ಟು ಮಂದಿಯ ಬಚ್ಚಲೊಲೆಗಳನ್ನು ಹೀಗೆ ಆರಿಸಿದ್ದೇನೋ, ಆ ಲೆಕ್ಕವನ್ನು ಹೇಳುವವರು ಯಾರು?

ಆಕೆಗೆ ಒಂದು ಕಾಗದ ಬರೆದೆ. ಅಗ್ಗಿಷ್ಟಿಕೆಯ ವಿಷಯವನ್ನು ಒಪ್ಪಿಕೊಂಡೆ. ಉತ್ತರ ಬಂತು. ಊರಿನ ನಾಲ್ಕು ಮಕ್ಕಳಿಗೆ ಹೆಣಿಗೆ ಹೇಳಿಕೊಡುತ್ತಿದ್ದಾರಂತೆ. ಪಟ್ಟಿ ಮುಗಿದು ಮಫ್ಲರಾಗಿದೆಯಂತೆ. ಮನೆಯಲ್ಲಿ ಯಾರಿಗೆ ಚಳಿಯಾದರೆ ಅವರು ಹಾಕಿಕೊಳ್ಳುತ್ತಾರಂತೆ. ಕಥೆಯ ಮಾತು ಅದರಲ್ಲಿರಲಿಲ್ಲ. ನಾನೂ ಕೇಳಲಿಲ್ಲ. ಬರೆದರೆ ಬರೆಯಲಿ, ಬಿಟ್ಟರೆ ಬಿಡಲಿ. ಅದನ್ನು ನಾನು ನೆನಪಿಸುತ್ತ ಹೋಗುವುದೂ ಕಡ್ಡಿ ಕಿತ್ತುಕೊಳ್ಳುವುದರ ಇನ್ನೊಂದು ಬಗೆಯಾದೀತು.

ಆ ಪ್ರಸಂಗದ ಮೇಲೆ ನನ್ನ ಪಾಠಕ್ರಮದಲ್ಲಿ ಒಂದು ಬದಲಾವಣೆಯಾಗಿದೆ. ಶಿಬಿರದಲ್ಲಿ ಯಾರ ಬಳಿಗೆ ಹೋಗುವಾಗಲೂ ನನ್ನ ಎರಡೂ ಕೈಗಳಲ್ಲಿ ನನ್ನದೇ ಕಡ್ಡಿಗಳಿರುತ್ತವೆ, ಅವುಗಳ ಮೇಲೆ ನನ್ನದೇ ಒಂದು ತುಂಡು ಹೆಣಿಗೆ. ಯಾರಾದರೂ ತಪ್ಪಿದರೆ ನನ್ನ ತುಂಡಿನಲ್ಲಿ ಅದೇ ತಪ್ಪನ್ನು ಮಾಡಿ, ಅದನ್ನು ಸರಿಪಡಿಸುವ ಬಗೆಯನ್ನು ಅಲ್ಲಿಯೇ ತೋರಿಸುತ್ತೇನೆ. ಅವರು ನೋಡಿಕೊಂಡು ತಮ್ಮದನ್ನು ತಾವೇ ಸರಿಮಾಡಿಕೊಳ್ಳುತ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ. ಎಷ್ಟೋ ಬಾರಿ ಊರಿಗೆ ಹಿಂದಿರುಗುವ ಕೊನೆಯ ಬಸ್ಸು ತಪ್ಪಿದೆ. ಅಂಥ ರಾತ್ರಿಗಳಲ್ಲಿ ಶಿಬಿರಕ್ಕೆ ಬಂದವರ ಪೈಕಿ ಯಾರದಾದರೂ ಮನೆಯಲ್ಲಿ ಉಳಿದುಕೊಳ್ಳುತ್ತೇನೆ. ಬೆಳಿಗ್ಗೆ ಏಳುವ ಹೊತ್ತಿಗೆ ಬಚ್ಚಲೊಲೆಯಲ್ಲಿ ಬೆಂಕಿ ಉರಿಯುತ್ತಿರುತ್ತದೆ.